ಆರಾಧನೆಯೂ ಊಳಿಗವೂ: ಧಾರವಾಡ ಸೀಮೆಯ ಬಾಸೆಲ್ ಮಿಷನ್ ಸಭೆಗಳ ವಿಷಯವಾಗಿ ಒಂದು ವಿಚಾರ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಇವು 1997ರವರೆಗೆ ಧಾರವಾಡ ಜಿಲ್ಲೆಗೆ ಸೇರಿದ್ದವು. ಆದುದರಿಂದ ಈ ಭಾಗದ ಕ್ರೈಸ್ತರ ಇತಿಹಾಸವನ್ನು ವಿಚಾರಿಸುವವರು ಧಾರವಾಡ (1837), ಹುಬ್ಬಳ್ಳಿ (1839), ಬೆಟಗೇರಿ (1841) ಈ ಬಾಸೆಲ್ ಮಿಷನ್ ಕೇಂದ್ರಗಳಿಂದ ಆರಂಭಿಸಬೇಕಾಗುತ್ತದೆ. ಮಿಷನ್ನಿನ ಶಾಲೆಗಳು, ಕಿಟ್ಟೆಲ್ಲರ ನಿಘಂಟು (1894) ಇವನ್ನು ಕುರಿತು ಸಾಕಷ್ಟು ಬರೆದಾಗಿದೆ. ಅವರ ಸೇವೆಗೂ ಆರಾಧನೆಗೂ ಇದ್ದ ಸಂಬಂಧವೊಂದನ್ನೇ ನಾವಿಲ್ಲಿ ಪರಿಶೀಲಿಸುವೆವು.

ಜರ್ಮನ್ ಭಾಷೆಯಲ್ಲಿ ಸಭೆಯ ಆರಾಧನೆಗೆ 'ಗಾಟ್ಟೆಸ್‌ಡೀನ್ಸ್ಟ್' ಎಂದು ಹೆಸರು. ದೇವರ ಊಳಿಗವೆಂದೇ ಅದರ ಅರ್ಥ. ಆರಾಧನಾಕ್ರಮವನ್ನು ಸೂಚಿಸುವ 'ಲಿಟರ್ಜಿ' ಎಂಬುದರ ಮೂಲ ಗ್ರೀಕ್ ಪದವಾದರೋ, ಮೊದಲು ಸಿರಿವಂತ ಪ್ರಜೆಯು ಊರಿಗಾಗಿ ಸ್ವಂತ ವೆಚ್ಚದಿಂದ ಮಾಡುವ ಕಾರ್ಯಕ್ಕೆ ಸಲ್ಲುತ್ತಿತ್ತು. ಕನ್ನಡಿಗರಿಗೆ ಇದು ಹೊಸತಲ್ಲ. ದೇವಾಲಯದ 'ಸೇವೆ'ಯಲ್ಲಿಯೂ ಶರಣರ 'ದಾಸೋಹ'ದಲ್ಲಿಯೂ ಪೂಜೆ, ಪರಿಚರ್ಯೆಗಳು ಒಂದರೊಳಗೊಂದು ಬೆರೆತಿವೆ. ತುಂಗಭದ್ರೆಯ ದಂಡೆಯ ಚೌಡದಾನಪುರದಲ್ಲಿ ಅಂಬಿಗರ ಚೌಡಯ್ಯನ ನೆನಪನ್ನು ಉಳಿಸಿಕೊಂಡ ಸೀಮೆಗೆ, ಗುರುವೇ ಶಿಷ್ಯರ ಕಾಲು ತೊಳೆದ ಯೋಹಾನನ ಸುವಾರ್ತೆಯ ಪ್ರಸಂಗವು ತೀರ ಅಪರಿಚಿತವೆನಿಸುವಂತಿರಲಿಲ್ಲ.

ಕಠಿನವಾದದ್ದು ಕಥೆಯಲ್ಲ, ಪಂಕ್ತಿ. ಬಾಸೆಲ್ ಮಿಷನ್ನಿನವರು ಸಭೆಯಲ್ಲಿ ಜಾತಿಭೇದವನ್ನು ಒಪ್ಪಲಿಲ್ಲ. ಕರ್ತನ ಭೋಜನದಲ್ಲಿ ಎಲ್ಲರಿಗೂ ಒಂದೇ ರೊಟ್ಟಿ, ಒಂದೇ ಪಾತ್ರೆ. ಊರು ಅಸ್ಪೃಶ್ಯನೆಂದು ಹೊರಗಿಟ್ಟವನು ಕುಡಿದ ಪಾತ್ರೆಯನ್ನು ನೇಕಾರನೂ ರೈತನೂ ತುಟಿಗಿಡಬೇಕಾಗಿತ್ತು. ಆ ಒಂದು ಗುಟುಕಿನಿಂದ ಅವನಿಗೆ ಮನೆಯ ಒಲೆ ದೂರವಾಗುತ್ತಿತ್ತು, ನಂಟರ ಬಾಗಿಲು ಮುಚ್ಚುತ್ತಿತ್ತು. ಧರ್ಮಾಂತರದಿಂದ ಪಿತ್ರಾರ್ಜಿತದ ಹಕ್ಕು ತಪ್ಪಬಾರದೆಂದು 1850ರ 21ನೆಯ ಕಾಯಿದೆಯು ವಿಧಿಸಿತೆಂಬುದು ನಿಜ. ಆದರೆ ಕಾಯಿದೆಯು ಹೊಲವನ್ನು ಕೊಡಿಸಬಲ್ಲದು, ಕೂಡಿ ಉಣ್ಣುವವರನ್ನು ಕೊಡಿಸಲಾರದು. ಹೀಗಿರುವಾಗ, ನಮ್ರತೆಯ ಅತ್ಯಂತ ಕಠಿನ ಪರೀಕ್ಷೆಯು ನಡೆದದ್ದು ಆಸ್ಪತ್ರೆಯಲ್ಲಲ್ಲ, ಆರಾಧನೆಯ ಮೇಜಿನ ಬಳಿಯಲ್ಲಿ ಎಂದು ನಾವು ಭಾವಿಸುತ್ತೇವೆ.

ಇನ್ನು 1876-78ರ ಕ್ಷಾಮ. ಅನಾಥ ಮಕ್ಕಳನ್ನು ಮಿಷನ್ನಿನವರು ಸಾಕಿದರು, ಓದು ಕಲಿಸಿದರು, ಪ್ರಾರ್ಥನೆಯನ್ನೂ ಕಲಿಸಿದರು. ಇದನ್ನು ಬರಿಯ ಮತಪ್ರಚಾರದ ಉಪಾಯವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಬದುಕಿದ ಮಕ್ಕಳು ಬದುಕಿದರು. ಆದರೂ ಅನ್ನವಿಕ್ಕಿದವನ ದೇವರನ್ನು ಹಸಿದ ಬಾಲಕನು ಒಲ್ಲೆನೆನ್ನಲು ಸ್ವತಂತ್ರನೇ? ಕಾಲು ತೊಳೆಯುವವನು ಪ್ರತಿಯಾಗಿ ಏನನ್ನೂ ಬೇಡಬಾರದೆಂಬುದೇ ಆ ಸುವಾರ್ತಾಪ್ರಸಂಗದ ಭಾವವಾದರೆ, ಈ ಪ್ರಶ್ನೆಯನ್ನು ಮಿಷನ್ನಿನ ಅಭಿಮಾನಿಗಳೂ ಎದುರಿಸಬೇಕು.

ಸಭೆಯ ಒಳಗೂ ಮೇಲು ಕೀಳುಗಳು ಪೂರ್ಣವಾಗಿ ಅಳಿಯಲಿಲ್ಲ. ಪಾತ್ರೆ ಒಂದಾದರೂ ಆಡಳಿತದ ಸೂತ್ರಗಳು ಬಹುಕಾಲ ಐರೋಪ್ಯರ ಕೈಯಲ್ಲಿಯೇ ಇದ್ದವು. 1914ರಲ್ಲಿ ಮಹಾಯುದ್ಧವು ಆರಂಭವಾಗಿ, ಜರ್ಮನ್ ಮಿಷನರಿಗಳನ್ನು ಸರಕಾರವು ಬಂಧನದಲ್ಲಿಟ್ಟು ಮುಂದೆ ಅವರ ನಾಡಿಗೆ ಕಳುಹಿಸಿದಾಗ, ಸಭೆಗಳ ಭಾರವು ಬಹುಮಟ್ಟಿಗೆ ಕನ್ನಡ ಸಭಾಪಾಲಕರ ಹೆಗಲಿಗೆ ಬಿತ್ತು.