ಚಲಿಸುವ ಚಿತ್ರಗಳ ಮೇಲೆ ಹೂಡಿದ ಹಣ

ಪೂರ್ಣಾವಧಿಯ ಅನಿಮೇಷನ್ ಚಿತ್ರವೊಂದು ಕಥೆಯ ಮೊದಲ ಕರಡಿನಿಂದ ಹೊರಟು ತೆರೆಗೆ ಬರುವಷ್ಟರಲ್ಲಿ ಸಾಮಾನ್ಯವಾಗಿ ಮೂರು ನಾಲ್ಕು ವರ್ಷಗಳು ಕಳೆದಿರುತ್ತವೆ. ಅಷ್ಟು ಕಾಲವೂ ನೂರಾರು ಕಲಾವಿದರಿಗೆ ಸಂಬಳ ಸಲ್ಲುತ್ತಲೇ ಇರಬೇಕು, ಚಿತ್ರದಿಂದ ಮಾತ್ರ ಬಿಡಿಗಾಸೂ ಹುಟ್ಟುವುದಿಲ್ಲ. ಈ ಅಂತರವನ್ನು ಯಾರ ಹಣದಿಂದ ತುಂಬಬೇಕೆಂಬ ಚಿಂತೆಯೇ ಅಮೆರಿಕದ ಅನಿಮೇಷನ್ ಸ್ಟುಡಿಯೊಗಳನ್ನು ಷೇರುಪೇಟೆಗೆ ಕರೆತಂದಿತು. ಅಲ್ಲಿ ಹಣ ಹೂಡಿದವರ ಅದೃಷ್ಟವನ್ನು ನಿರ್ಧರಿಸಿದ್ದು ಚಿತ್ರಗಳ ಸೊಗಸಿಗಿಂತ ಹೆಚ್ಚಾಗಿ, ಆ ಹಣ ಯಾವ ಕೆಲಸಕ್ಕೆ ಒದಗಿತೆಂಬ ಸಂಗತಿ.

1937ರ 'ಸ್ನೋ ವೈಟ್' ಚಿತ್ರಕ್ಕೆ ಸುಮಾರು 15 ಲಕ್ಷ ಡಾಲರು ತೊಡಗಿಸಿ ಅದರ ಹಲವು ಪಟ್ಟು ಗಳಿಸಿದ ವಾಲ್ಟ್ ಡಿಸ್ನಿ, ಆ ಗಳಿಕೆಯ ಬಲದ ಮೇಲೆ ಬರ್ಬ್ಯಾಂಕ್‌ನಲ್ಲಿ ಹೊಸ ಸ್ಟುಡಿಯೊ ಕಟ್ಟಿಸಿ, 'ಪಿನೋಕಿಯೊ' ಮತ್ತು 'ಫ್ಯಾಂಟೇಸಿಯಾ' ಚಿತ್ರಗಳಿಗೆ ಮೊದಲಿಗಿಂತಲೂ ದೊಡ್ಡ ಮೊತ್ತವನ್ನು ಸುರಿದರು. ಅಷ್ಟರಲ್ಲಿ ಯುರೋಪಿನಲ್ಲಿ ಯುದ್ಧ ಆರಂಭವಾಗಿ ಅಲ್ಲಿನ ಮಾರುಕಟ್ಟೆ ಮುಚ್ಚುತ್ತ ಬಂದಿತು, ಬ್ಯಾಂಕಿನ ಸಾಲ ಬೆಳೆಯುತ್ತ ಹೋಯಿತು. 1940ರ ಏಪ್ರಿಲ್‌ನಲ್ಲಿ ಸಂಸ್ಥೆ ತಲಾ 25 ಡಾಲರಿನಂತೆ 1,55,000 ಆದ್ಯತಾ ಷೇರುಗಳನ್ನು, ಅಂದರೆ ಸಾಮಾನ್ಯ ಷೇರುದಾರರಿಗಿಂತ ಮೊದಲು ನಿಗದಿತ ದರದಲ್ಲಿ ಲಾಭಾಂಶ ಪಡೆಯುವ ಹಕ್ಕುಳ್ಳ ಷೇರುಗಳನ್ನು, ಸಾರ್ವಜನಿಕರಿಗೆ ಮಾರಿತು. ಶೇ. 6ರ ಲಾಭಾಂಶದ ಭರವಸೆಯೂ, ಒಂದು ವರ್ಷ ತಪ್ಪಿದರೆ ಬಾಕಿ ಮುಂದಿನ ವರ್ಷಗಳಿಗೆ ಸೇರುತ್ತ ಹೋಗುವ ಏರ್ಪಾಡೂ ಅದರಲ್ಲಿದ್ದವು. ಆದರೆ ಜನ ಕೊಟ್ಟ ಹಣ ಹಳೆಯ ಸಾಲಕ್ಕೂ, ಆಗಲೇ ಖರ್ಚಾಗಿದ್ದ ವೆಚ್ಚಕ್ಕೂ ಸರಿದೂಗುವುದರಲ್ಲೇ ಕರಗಿತು. ಆ ಎರಡು ಚಿತ್ರಗಳೂ ಮೊದಲ ಬಿಡುಗಡೆಯಲ್ಲಿ ಹಾಕಿದ ಹಣವನ್ನು ಹಿಂದಕ್ಕೆ ತರಲಿಲ್ಲ. 1941ರ ಮೇ ತಿಂಗಳಲ್ಲಿ ಕಲಾವಿದರು ಮುಷ್ಕರ ಹೂಡಿದರು. ಇಂದು ಶ್ರೇಷ್ಠವೆಂದು ಎಲ್ಲರೂ ಒಪ್ಪುವ ಎರಡು ಚಿತ್ರಗಳಿಗೆ ಹಣ ಕೊಟ್ಟವರು ನಷ್ಟ ಅನುಭವಿಸಿದ್ದು ಈ ಚರಿತ್ರೆಯ ಅತ್ಯಂತ ನೋವಿನ ಅಧ್ಯಾಯ. ಸಂಸ್ಥೆಯ ಷೇರು ನ್ಯೂಯಾರ್ಕ್ ಷೇರು ವಿನಿಮಯ ಕೇಂದ್ರವನ್ನು ತಲುಪಿದ್ದು 1957ರಲ್ಲಿ, ಡಿಸ್ನಿಲ್ಯಾಂಡ್ ತೆರೆದು ಎರಡು ವರ್ಷಗಳಾದ ಮೇಲೆ.

ಪಿಕ್ಸಾರ್‌ನ ಕಥೆ ಇದಕ್ಕೆ ವಿರುದ್ಧವಾದುದು. 1986ರಲ್ಲಿ ಲ್ಯೂಕಾಸ್‌ಫಿಲ್ಮ್‌ನಿಂದ ಸ್ಟೀವ್ ಜಾಬ್ಸ್ ಕೊಂಡ ಈ ಕಂಪ್ಯೂಟರ್ ಗ್ರಾಫಿಕ್ಸ್ ವಿಭಾಗ ವರ್ಷಗಟ್ಟಲೆ ಅವರ ಸ್ವಂತ ಹಣದಿಂದಲೇ ಉಸಿರಾಡಿತು. 1991ರಲ್ಲಿ ಡಿಸ್ನಿಯೊಡನೆ ಆದ ಒಪ್ಪಂದದ ಪ್ರಕಾರ ನಿರ್ಮಾಣದ ಹಣವೂ ಚಿತ್ರದ ಹಂಚಿಕೆಯೂ ಡಿಸ್ನಿಯವೇ ಆಗಿದ್ದವು, ಹಾಗಾಗಿ ಲಾಭದಲ್ಲಿ ಪಿಕ್ಸಾರ್‌ಗೆ ದಕ್ಕುತ್ತಿದ್ದುದು ಸಣ್ಣ ಪಾಲು ಮಾತ್ರ. ಆ ಒಪ್ಪಂದದಡಿ ತಯಾರಾದ 'ಟಾಯ್ ಸ್ಟೋರಿ' 1995ರ ನವೆಂಬರ್ 22ರಂದು ಬಿಡುಗಡೆಯಾಯಿತು. ಸರಿಯಾಗಿ ಒಂದು ವಾರಕ್ಕೆ, 29ರಂದು, ಸಂಸ್ಥೆಯ ಐಪಿಒ, ಅಂದರೆ ಸಾರ್ವಜನಿಕರಿಗೆ ಷೇರುಗಳ ಮೊದಲ ಮಾರಾಟ, ನಡೆಯಿತು. 22 ಡಾಲರಿಗೆ ನೀಡಿದ ಷೇರು ಪೇಟೆಯಲ್ಲಿ 47ಕ್ಕೆ ಆರಂಭಗೊಂಡು ದಿನದ ಕೊನೆಗೆ 39ಕ್ಕೆ ನಿಂತಿತು, ಸಂಸ್ಥೆಯ ಕೈಗೆ ಸುಮಾರು 14 ಕೋಟಿ ಡಾಲರು ಬಂದಿತು. ಮುಂದಿನ ಚಿತ್ರಗಳ ವೆಚ್ಚದ ಅರ್ಧವನ್ನು ತಾನೇ ಭರಿಸುತ್ತೇನೆಂದು ಹೇಳುವ ಶಕ್ತಿಯನ್ನು ಈ ಹಣ ಪಿಕ್ಸಾರ್‌ಗೆ ಕೊಟ್ಟಿತು, ಆ ಶಕ್ತಿಯಿಂದಲೇ 1997ರಲ್ಲಿ ಲಾಭವನ್ನು ಸಮಪಾಲು ಮಾಡಿಕೊಳ್ಳುವ ಹೊಸ ಒಪ್ಪಂದ ಸಾಧ್ಯವಾಯಿತು. ಷೇರುದಾರರ ಹಣ ಹಳೆಯ ಸಾಲಕ್ಕೆ ಹೋಗದೆ ಚೌಕಾಸಿಯ ಬಲವಾಗಿ ಪರಿಣಮಿಸಿದ್ದು ಇಲ್ಲಿ, ಮತ್ತು ಅದರ ಫಲವನ್ನು ಷೇರುದಾರರೂ ಉಂಡರು: 2006ರಲ್ಲಿ ಡಿಸ್ನಿ ಸುಮಾರು 740 ಕೋಟಿ ಡಾಲರು ಮೌಲ್ಯದ ತನ್ನ ಷೇರುಗಳನ್ನಿತ್ತು ಪಿಕ್ಸಾರ್ ಅನ್ನು ಕೊಂಡಾಗ, ಮೊದಲ ನೀಡಿಕೆಯಲ್ಲಿ ಹೂಡಿದ ಹಣ ಐದು ಪಟ್ಟಿಗೂ ಹೆಚ್ಚಾಗಿತ್ತು.

2004ರ ಅಕ್ಟೋಬರ್‌ನಲ್ಲಿ ಪೇಟೆಗೆ ಬಂದ ಡ್ರೀಮ್‌ವರ್ಕ್ಸ್ ಅನಿಮೇಷನ್‌ಗೆ ಇಂಥ ನೆಲೆ ದೊರೆಯಲಿಲ್ಲ. ಮರುವರ್ಷವೇ 'ಶ್ರೆಕ್ 2'ರ ಡಿವಿಡಿ ಮಾರಾಟ ನಿರೀಕ್ಷೆ ಮುಟ್ಟದೆ ಷೇರು ಕುಸಿಯಿತು. ಚಿತ್ರದ ವೆಚ್ಚವನ್ನು ಲೆಕ್ಕಪುಸ್ತಕದಲ್ಲಿ ಆಸ್ತಿಯೆಂದೇ ಬರೆದಿಟ್ಟು, ಆದಾಯ ಬಂದಂತೆ ಅದನ್ನು ಇಳಿಸುತ್ತ ಹೋಗುವುದು ಈ ಉದ್ಯಮದ ಪದ್ಧತಿ; ಚಿತ್ರ ಸೋತರೆ ಉಳಿದ ಮೊತ್ತವನ್ನು ಒಮ್ಮೆಗೇ ನಷ್ಟವೆಂದು ತೋರಿಸಬೇಕಾಗುತ್ತದೆ. 2012ರ 'ರೈಸ್ ಆಫ್ ದಿ ಗಾರ್ಡಿಯನ್ಸ್' ಚಿತ್ರಕ್ಕಾಗಿ ಹೀಗೆ 8.7 ಕೋಟಿ ಡಾಲರು ತೊಡೆದುಹಾಕಿದ ಸಂಸ್ಥೆ ಸುಮಾರು 350 ಉದ್ಯೋಗಗಳನ್ನು ಕಡಿತಗೊಳಿಸಿತು. 2016ರಲ್ಲಿ ಕಾಮ್‌ಕಾಸ್ಟ್‌ಗೆ ಸೇರಿದ ಎನ್‌ಬಿಸಿಯುನಿವರ್ಸಲ್ ಪ್ರತಿ ಷೇರಿಗೆ 41 ಡಾಲರಿನಂತೆ ಡ್ರೀಮ್‌ವರ್ಕ್ಸ್ ಅನ್ನು ಕೊಂಡುಕೊಂಡಿತು. ಮೊದಲ ದಿನದ ಕೊನೆಯ ಬೆಲೆಯಾದ 38.75 ಡಾಲರಿಗೆ ಈ ಷೇರನ್ನು ಕೊಂಡು ಕಾದಿದ್ದವರಿಗೆ ಸುಮಾರು ಹನ್ನೆರಡು ವರ್ಷಗಳಲ್ಲಿ ಬೆಲೆಯ ಏರಿಕೆಯಿಂದ ದಕ್ಕಿದ್ದು ಷೇರೊಂದಕ್ಕೆ ಎರಡೂಕಾಲು ಡಾಲರು.