ಹೊಳೆಯ ಸುದ್ದಿ: ಡಂಗುರದಿಂದ ಆ್ಯಂಟೆನಾದವರೆಗೆ (ಗೋಕಾಕ, ಮೂಡಲಗಿ, ಹುಕ್ಕೇರಿ ಪರಿಸರ)

ಗೋಕಾಕ, ಅದರಿಂದ ಬೇರ್ಪಟ್ಟು ಪ್ರತ್ಯೇಕ ತಾಲೂಕಾದ ಮೂಡಲಗಿ ಹಾಗೂ ಹುಕ್ಕೇರಿ, ಈ ಮೂರೂ ಘಟಪ್ರಭೆಯ ನೀರನ್ನು ನಂಬಿದ ಸೀಮೆಗಳು. ಇವುಗಳ ಬಹುಭಾಗ ಪಶ್ಚಿಮಘಟ್ಟದ ಮಳೆನೆರಳಿನಲ್ಲಿದೆ. ಇಲ್ಲಿಯ ನದಿಗಳಾದರೋ ಘಟ್ಟದ ಮಡಿಲಲ್ಲಿ ಹುಟ್ಟಿ ಬರುತ್ತವೆ. ಹಿರಣ್ಯಕೇಶಿಯ ಉಗಮಸ್ಥಾನವಾದ ಮಹಾರಾಷ್ಟ್ರದ ಅಂಬೋಲಿಯಲ್ಲಿ ವರ್ಷಕ್ಕೆ ಸುಮಾರು 7000 ಮಿ.ಮೀ. ಮಳೆ ಸುರಿಯುತ್ತದೆ. ಹೀಗಾಗಿ ಇಲ್ಲಿಯ ಮಹಾಪೂರ ಬಹುಮಟ್ಟಿಗೆ ಬೇರೆ ಊರಿನ ಮಳೆಯ ಫಲ. ಈ ಭಾಗದ ಜನಜೀವನದಲ್ಲಿ ಹೊಳೆಯ ಸುದ್ದಿಗೆ ಇರುವ ಮಹತ್ವವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು.

ಮಿರಗದಿಂದ ಸ್ವಾತಿಯವರೆಗಿನ ನಕ್ಷತ್ರಗಳ ಲೆಕ್ಕ ರೈತನ ಮಳೆಗಾಲದ ಪಂಚಾಂಗ. ಬಿತ್ತನೆಯ ಹದ, ಮಳೆಯ ಗುಣ ಇವನ್ನು ಅದು ತಿಳಿಸುತ್ತದೆ. ನೀರಿನ ಬಣ್ಣ ಕೆಂಪಾಗುವುದು, ಕಸಕಡ್ಡಿ ತೇಲಿಬರುವುದು, ಹೊಳೆಯ ಸದ್ದು ಬದಲಾಗುವುದು ಇವೆಲ್ಲ ದಡದ ಜನ ಗುರುತಿಸುವ ಸೂಚನೆಗಳು. ಆ ಸುದ್ದಿಯನ್ನು ಊರಿಗೆ ಮುಟ್ಟಿಸುತ್ತಿದ್ದುದು ಹಲಗೆಯ ಡಂಗುರ. ಆದರೆ ಈ ಸೂಚನೆಗಳು ಕಾಣುವ ಹೊತ್ತಿಗೆ ನೀರು ಸಮೀಪಿಸಿರುತ್ತಿತ್ತು.

ಭಾರತದಲ್ಲಿ ಕೇಂದ್ರ ಮಟ್ಟದ ವ್ಯವಸ್ಥಿತ ಪ್ರವಾಹ ಮುನ್ಸೂಚನೆ 1958ರಲ್ಲಿ ದೆಹಲಿಯ ಯಮುನೆಯಿಂದ ಆರಂಭವಾಯಿತು. ಕೇಂದ್ರ ಜಲ ಆಯೋಗದ ವೀಕ್ಷಣಾ ಸ್ಥಳಗಳು ಘಟಪ್ರಭೆಯ ಮೇಲೆ ದಡ್ಡಿ ಹಾಗೂ ಗೋಕಾಕ ಜಲಪಾತದ ಬಳಿ ಇವೆ. ಮೊದಲು ಮನುಷ್ಯ ಅಳತೆಪಟ್ಟಿಯನ್ನು ಓದಿ ನಿಸ್ತಂತುವಿನ ಮೂಲಕ ತಿಳಿಸುವುದು ರೂಢಿಯಾಗಿತ್ತು. ದೂರಮಾಪನ ಪದ್ಧತಿಯಲ್ಲಿ ಸೇತುವೆಗೆ ಬಿಗಿದ ರೇಡಾರ್ ಉಪಕರಣವು ನೀರಿನ ಮೇಲ್ಮೈಗೆ ಇರುವ ಅಂತರವನ್ನು ಅಳೆಯುತ್ತದೆ. ಸೌರಫಲಕ ಅದಕ್ಕೆ ವಿದ್ಯುತ್ತನ್ನು ಒದಗಿಸುತ್ತದೆ. ಸುಮಾರು 36,000 ಕಿ.ಮೀ. ಎತ್ತರದ ಇನ್ಸ್ಯಾಟ್ ಉಪಗ್ರಹದತ್ತ ಮುಖಮಾಡಿದ ಯಾಗಿ ಆ್ಯಂಟೆನಾ ಆ ಅಂಕಿಯನ್ನು ಕಳುಹಿಸುತ್ತದೆ. ಕೆಲವೆಡೆ ಮೊಬೈಲ್ ಜಾಲವೇ ಈ ಕೆಲಸ ಮಾಡುತ್ತದೆ. 1988ರಲ್ಲಿ ಬರ ನಿರ್ವಹಣೆಗೆಂದು ಹುಟ್ಟಿದ ಘಟಕವು ಮುಂದೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ, ಗ್ರಾಮ ಪಂಚಾಯತಿ ಮಟ್ಟದಲ್ಲಿ ದೂರಮಾಪನ ಮಳೆಮಾಪಕಗಳನ್ನು ಸ್ಥಾಪಿಸಿತು.

ಹುಕ್ಕೇರಿ ತಾಲೂಕಿನ ಹಿಡಕಲ್‌ನಲ್ಲಿರುವ ರಾಜಾ ಲಖಮಗೌಡ ಜಲಾಶಯದ ಸಾಮರ್ಥ್ಯ ಸುಮಾರು 51 ಟಿಎಂಸಿ. ಅದು ಘಟಪ್ರಭೆಯನ್ನು ತಡೆಯಬಲ್ಲುದಾದರೂ, ಹಿರಣ್ಯಕೇಶಿ ಅಣೆಕಟ್ಟಿನ ಕೆಳಗೆ ಬಂದು ಸೇರುತ್ತದೆ. ಮಾರ್ಕಂಡೇಯ ನದಿ ಗೋಕಾಕದ ಸಮೀಪ ಕೂಡುತ್ತದೆ. 2019ರ ಆಗಸ್ಟ್‌ನಲ್ಲಿ ಗೋಕಾಕದ ಪೇಟೆಯೊಳಗೆ ನೀರು ನುಗ್ಗಿತು, ಲೋಳಸೂರ ಸೇತುವೆ ಮುಳುಗಿತು. 2021ರ ಜುಲೈನಲ್ಲಿ ಪಟ್ಟಣ ಮತ್ತೆ ಜಲಾವೃತವಾಯಿತು. ಮೊದಲನೆಯದು ಆಶ್ಲೇಷದ ಮಳೆ, ಎರಡನೆಯದು ಪುಷ್ಯದ ಮಳೆ. ನಕ್ಷತ್ರ ಕಾಲವನ್ನು ಹೇಳಿತ್ತು, ಗಳಿಗೆಯನ್ನು ಹೇಳುವ ಶಕ್ತಿ ಅದಕ್ಕಿರಲಿಲ್ಲ. ಆ ಗಳಿಗೆಯನ್ನು ಅರಿಯಲು ಮೂರೂ ನದಿಗಳ ಅಂಕಿಗಳು, ರಾಜ್ಯದ ಗಡಿ ದಾಟಿ, ಒಂದೆಡೆ ಸೇರಬೇಕಾಗುತ್ತದೆ.

ಆ್ಯಂಟೆನಾ ಸುದ್ದಿಯನ್ನು ಒಯ್ಯುತ್ತದೆ. ಅದರ ಅರ್ಥವನ್ನು ಹೇಳುವುದಿಲ್ಲ. ಇಂತಿಷ್ಟು ಕ್ಯೂಸೆಕ್ ಎಂಬ ಅಂಕಿ, ನೀರು ಯಾವ ಓಣಿಗೆ ಬರುತ್ತದೆ, ದನಕರುಗಳನ್ನು ಯಾವಾಗ ಬಿಚ್ಚಬೇಕು ಎಂಬ ಮಾತಾಗಿ ಬದಲಾಗಬೇಕು. ಹಿಂದಿನ ನೆರೆ ಯಾವ ಗುಡಿಯ ಮೆಟ್ಟಿಲನ್ನು ಮುಟ್ಟಿತ್ತೆಂಬ ಹಿರಿಯರ ನೆನಪು ಇಲ್ಲಿ ನೆರವಾಗಬಲ್ಲದು. ಅಂತಹ ನೆನಪುಗಳನ್ನು ದಾಖಲಿಸಿ ಅಳತೆಪಟ್ಟಿಯ ಅಂಕಿಗಳೊಡನೆ ಹೊಂದಿಸುವುದು ಜಾನಪದ ಅಧ್ಯಯನದ ಮುಂದಿರುವ ಮಹತ್ವದ ಕೆಲಸವಾಗಿದೆ.