ಸಂತೆಯೂರಿನ ಕಾವಲು
ನಮ್ಮೂರುಗಳಲ್ಲಿ ಸಾಮಾನ್ಯವಾಗಿ ವಾರಕ್ಕೊಮ್ಮೆ ಸಂತೆ. ಇಂಡೋನೇಷ್ಯಾದ ಜಾವಾ ದ್ವೀಪದಲ್ಲಿ ಐದು ದಿನಕ್ಕೊಮ್ಮೆ ಸಂತೆ ಸೇರುವ ಪದ್ಧತಿ ಬಹಳ ಹಳೆಯದು. ಲೆಗಿ, ಪಾಹಿಂಗ್, ಪೋನ್, ವಾಗೆ, ಕ್ಲಿವೋನ್ ಎಂಬುವು ಆ ಐದು ದಿನಗಳ ಹೆಸರುಗಳು.

ಸಂತೆಯೂರಿನಲ್ಲಿ ದುಡ್ಡು, ದವಸ, ದನಕರು ಇದ್ದಲ್ಲಿ ಕಳ್ಳರ ಭಯವೂ ಇತ್ತು. ಪ್ರಾಣ ಮತ್ತು ಆಸ್ತಿಯ ರಕ್ಷಣೆಗೆ ಊರವರೇ ಸರದಿಯಂತೆ ರಾತ್ರಿ ಗಸ್ತು ತಿರುಗುತ್ತಿದ್ದರು. ಇದಕ್ಕೆ 'ರೋಂದಾ' ಎನ್ನುತ್ತಾರೆ. ಕಳ್ಳತನವೋ ಬೆಂಕಿಯೋ ಕಂಡರೆ 'ಕೆಂತೋಂಗನ್' ಎಂಬ ಟೊಳ್ಳು ಮರದ ತುಂಡನ್ನು ಬಡಿದು ಊರನ್ನೇ ಎಬ್ಬಿಸುತ್ತಿದ್ದರು.

ಆದರೆ 1965-66ರಲ್ಲಿ ಕಮ್ಯುನಿಸ್ಟರೆಂಬ ಹಣೆಪಟ್ಟಿ ಹಚ್ಚಿ ಲಕ್ಷಾಂತರ ಜನರನ್ನು ಕೊಲ್ಲಲಾಯಿತು. ಪೂರ್ವ ಜಾವಾದ ಹಳ್ಳಿಗಳಲ್ಲಿ ಸೇನೆಯ ಬೆಂಬಲದೊಂದಿಗೆ ನೆರೆಹೊರೆಯವರೇ ಕೈ ಎತ್ತಿದರು.

ಹೊರಗಿನ ಕಳ್ಳನನ್ನು ಗಸ್ತು ತಡೆದೀತು. ನೆರೆಯವನೇ ವೈರಿಯಾದರೆ ಯಾರನ್ನು ಕರೆಯುವುದು? ಆದ್ದರಿಂದ ನೆರೆಯವನ ಮೇಲಿನ ನಂಬಿಕೆಯನ್ನೂ ಕಾಯಬೇಕೆಂಬುದನ್ನು ನೀವು ಮರೆಯದಿರಿ.